ಅಶೋಕ: ಹೆಸರು ಒಂದು, ಮರ ಎರಡು

ಶಾಲೆಯ ಅಂಗಳದಲ್ಲಿ, ಕಚೇರಿಗಳ ಕಾಂಪೌಂಡಿನ ಉದ್ದಕ್ಕೂ, ಹೊಸ ಬಡಾವಣೆಗಳ ರಸ್ತೆಬದಿಯಲ್ಲಿ ಕಂಬ ನೆಟ್ಟ ಹಾಗೆ ನೆಟ್ಟಗೆ ನಿಂತ ಮರವನ್ನು ತೋರಿಸಿ ‘ಇದು ಯಾವ ಮರ?’ ಎಂದು ಕೇಳಿದರೆ ಮಕ್ಕಳು ತಡವರಿಸದೆ ‘ಅಶೋಕ’ ಎನ್ನುತ್ತಾರೆ. ಹಿರಿಯರನ್ನು ಕೇಳಿದರೂ ಅದೇ ಉತ್ತರ. ಆದರೆ ಸೀತೆ ಕುಳಿತಿದ್ದ ಅಶೋಕವನದ ಮರ ಇದಲ್ಲ. ಚರಕ, ಸುಶ್ರುತರು ಹೆಸರಿಸಿದ ಔಷಧಿಯ ಮರವೂ ಇದಲ್ಲ. ಹೆಂಗಸರ ಕಾಯಿಲೆಗೆಂದು ಮನೆಮನೆಗಳಲ್ಲಿ ಬಳಕೆಯಾದ ‘ಅಶೋಕಾರಿಷ್ಟ’ದ ಶೀಶೆಗೂ ಈ ಕಂಬದಂಥ ಮರಕ್ಕೂ ಹೆಸರಿನ ಹೊರತು ಬೇರೆ ನಂಟಿಲ್ಲ.

ಹೆಸರಿನ ಈ ಗೊಂದಲ ಸಸ್ಯಶಾಸ್ತ್ರದ ಪರೀಕ್ಷೆಯಲ್ಲಿ ಒಂದು ಅಂಕ ಕಳೆಯುವಷ್ಟು ಚಿಕ್ಕ ವಿಷಯವಾಗಿದ್ದರೆ ಅದನ್ನು ಅಲ್ಲಿಗೇ ಬಿಡಬಹುದಿತ್ತು. ಅಶೋಕದ ತೊಗಟೆಯನ್ನು ಸಾವಿರ ವರ್ಷಕ್ಕೂ ಹೆಚ್ಚು ಕಾಲದಿಂದ ಬಳಸುತ್ತಿರುವುದು ಮುಟ್ಟಿನಲ್ಲಿ ಆಗುವ ಅತಿಯಾದ ರಕ್ತಸ್ರಾವಕ್ಕೆ. ಅದನ್ನು ನಂಬಿ ಕೊಳ್ಳುವವರು ತಾಯಂದಿರು. ಅನೇಕ ಸಲ ಹದಿಮೂರು ಹದಿನಾಲ್ಕು ವರ್ಷದ ಮಗಳಿಗಾಗಿ. ಆದ್ದರಿಂದ ಇಲ್ಲಿ ಎರಡು ಪ್ರಶ್ನೆಗಳು ಏಳುತ್ತವೆ. ತಂದ ತೊಗಟೆ ನಿಜಕ್ಕೂ ಯಾವ ಮರದ್ದು? ಆಗುತ್ತಿರುವ ರಕ್ತಸ್ರಾವಕ್ಕೆ ನಿಜಕ್ಕೂ ಏನು ಕಾರಣ? ಇವೆರಡಕ್ಕೂ ಉತ್ತರ ಸಿಕ್ಕಿದ ಮೇಲಷ್ಟೇ ಮದ್ದಿನ ಮಾತು.

ಎಲೆಯೇ ಗುರುತು

ನಿಜವಾದ ಅಶೋಕದ ವೈಜ್ಞಾನಿಕ ಹೆಸರು ಸರಾಕ ಅಸೋಕ. ಹುಣಸೆ, ಹೊಂಗೆ, ಅವರೆಗಳಂತೆ ಕಾಯಿ ಬಿಡುವ ದ್ವಿದಳ ಸಸ್ಯಗಳ ದೊಡ್ಡ ಕುಟುಂಬಕ್ಕೆ ಸೇರಿದ ಮಧ್ಯಮ ಎತ್ತರದ ನಿತ್ಯಹಸಿರು ಮರ. ಹಳಗನ್ನಡದಲ್ಲಿ ಇದಕ್ಕೆ ‘ಅಸುಗೆ’ ಎಂಬ ಚೆಂದದ ಹೆಸರಿದೆ. ಪಶ್ಚಿಮಘಟ್ಟದ ತಪ್ಪಲಿನಲ್ಲಿ, ಹಳ್ಳತೊರೆಗಳ ದಂಡೆಯ ತಂಪಿನಲ್ಲಿ ಇದು ತಾನಾಗಿ ಬೆಳೆಯುತ್ತದೆ. ಪೂರ್ವಘಟ್ಟದಲ್ಲಿ, ಮೇಘಾಲಯದ ಗುಡ್ಡಗಳಲ್ಲಿ, ಶ್ರೀಲಂಕಾದಲ್ಲಿಯೂ ಇದೆ. ಒಡಿಶಾ ಇದರ ಹೂವನ್ನು ರಾಜ್ಯಪುಷ್ಪವಾಗಿಯೂ, ಉತ್ತರ ಪ್ರದೇಶ ಈ ಮರವನ್ನು ರಾಜ್ಯವೃಕ್ಷವಾಗಿಯೂ ಆರಿಸಿಕೊಂಡಿವೆ.

ಕಂಬದಂಥ ಮರದ ಹೆಸರು ಪಾಲಿಯಾಲ್ತಿಯ ಲಾಂಗಿಫೋಲಿಯ. ಈಚಿನ ಪುಸ್ತಕಗಳಲ್ಲಿ ಮೊನೂನ್ ಲಾಂಗಿಫೋಲಿಯಮ್ ಎಂದು ಬದಲಾಗಿದೆ. ಇದು ಸೀತಾಫಲದ ಕುಟುಂಬದ್ದು. ನೇರ ಕಾಂಡದಿಂದ ಹಡಗಿನ ಕೂವೆಮರ ಮಾಡುತ್ತಿದ್ದರು. ನೆರಳಿಗೆ, ಧೂಳು ತಡೆಯಲಿಕ್ಕೆ, ಅಲಂಕಾರಕ್ಕೆ ಇದು ಒಳ್ಳೆಯ ಮರವೇ. ತಪ್ಪು ಮರದ್ದಲ್ಲ, ನಾವು ಇಟ್ಟ ಹೆಸರಿನದು.

ಎರಡನ್ನೂ ಬೇರೆ ಮಾಡಲು ಒಂದು ಎಲೆ ಸಾಕು. ನಿಜವಾದ ಅಶೋಕದ್ದು ಸಂಯುಕ್ತ ಎಲೆ. ಅಂದರೆ ಒಂದೇ ತೊಟ್ಟಿನ ಎರಡೂ ಕಡೆ ನಾಲ್ಕಾರು ಜೋಡಿ ಕಿರುಎಲೆಗಳು ಎದುರುಬದುರಾಗಿ ಜೋಡಿಸಿಕೊಂಡಿರುತ್ತವೆ. ತುದಿಯಲ್ಲಿ ಒಂಟಿ ಕಿರುಎಲೆ ಇರುವುದಿಲ್ಲ. ಕಂಬದ ಮರದ್ದು ಸರಳ ಎಲೆ. ಉದ್ದವಾಗಿ, ಅಂಚು ಅಲೆಅಲೆಯಾಗಿ, ಕೊಂಬೆಯ ಮೇಲೆ ಒಂದು ಬಿಟ್ಟು ಒಂದರಂತೆ ಬರುತ್ತದೆ. ಅಶೋಕದ ಚಿಗುರು ತಾಮ್ರದ ಬಣ್ಣದ್ದು. ಬಾಡಿದ ಗೊಂಡೆಯ ಹಾಗೆ ಜೋತು ಬೀಳುತ್ತದೆ. ಸಂಸ್ಕೃತದಲ್ಲಿ ಇದಕ್ಕೆ ‘ತಾಮ್ರಪಲ್ಲವ’ ಎಂಬ ಹೆಸರು ಬಂದದ್ದು ಹಾಗೆ.

ಹೂವಿನಲ್ಲಂತೂ ಸಂದೇಹಕ್ಕೆ ಎಡೆಯೇ ಇಲ್ಲ. ಅಶೋಕದ ಹೂ ಗೊಂಚಲುಗೊಂಚಲಾಗಿ, ಹಳೆಯ ಕೊಂಬೆಗಳ ಮೈಯಿಂದಲೂ ನೇರವಾಗಿ ಹೊರಡುತ್ತದೆ. ಅರಳುವಾಗ ಕಿತ್ತಳೆ ಹಳದಿ, ದಿನ ಕಳೆದಂತೆ ಕೆಂಪು. ವಿದ್ಯಾರ್ಥಿಗಳು ಒಂದು ಹೂ ಬಿಡಿಸಿ ನೋಡಿದರೆ ಇನ್ನೊಂದು ಸೋಜಿಗ ಕಾಣುತ್ತದೆ. ಈ ಹೂವಿಗೆ ದಳಗಳೇ ಇಲ್ಲ! ದಳವೆಂದು ಕಾಣುವುದು ಬಣ್ಣ ತಳೆದ ಪುಷ್ಪಪತ್ರಗಳು, ಸಾಮಾನ್ಯವಾಗಿ ನಾಲ್ಕು. ಅವುಗಳ ನಡುವಿನಿಂದ ಉದ್ದನೆಯ ಕೇಸರಗಳು ಹೊರಚಾಚಿರುತ್ತವೆ. ಕಂಬದ ಮರದ ಹೂವಾದರೋ ಎಲೆಯ ಮರೆಯಲ್ಲಿ ಕಂಡೂ ಕಾಣದಂತಿರುವ ತಿಳಿಹಸಿರು ನಕ್ಷತ್ರ. ಅಶೋಕಕ್ಕೆ ಚಪ್ಪಟೆಯಾದ ಕೋಡು. ಕಂಬದ ಮರಕ್ಕೆ ನೇರಳೆಯಂತೆ ಕಪ್ಪಾಗುವ, ಬಾವಲಿಗಳಿಗೆ ಪ್ರಿಯವಾದ ಪುಟ್ಟ ಹಣ್ಣುಗಳ ಗೊಂಚಲು.

ಹೆಸರಿನ ತೊಡಕು ಜನಸಾಮಾನ್ಯರಿಗಷ್ಟೇ ಇತ್ತೆಂದು ತಿಳಿಯಬೇಕಿಲ್ಲ. ಲಿನೇಯಸ್ 1767ರಲ್ಲಿ ‘ಸರಾಕ ಇಂಡಿಕ’ ಎಂದು ಕರೆದದ್ದು ಆಗ್ನೇಯ ಏಷ್ಯದ ಒಂದು ಮರವನ್ನು. ನಮ್ಮ ಅಶೋಕವನ್ನು ಕಲ್ಕತ್ತೆಯ ಸಸ್ಯೋದ್ಯಾನದ ವಿಲಿಯಂ ರಾಕ್ಸ್‌ಬರ್ಗ್ 1795ರಲ್ಲಿ ‘ಜೋನೇಸಿಯ ಅಸೋಕ’ ಎಂದು ವರ್ಣಿಸಿದ. ಏಷಿಯಾಟಿಕ್ ಸೊಸೈಟಿಯನ್ನು ಕಟ್ಟಿ, ಹಿಂದಿನ ವರ್ಷವಷ್ಟೇ ತೀರಿಕೊಂಡಿದ್ದ ಸರ್ ವಿಲಿಯಂ ಜೋನ್ಸ್‌ನ ನೆನಪಿಗೆ ಇಟ್ಟ ಹೆಸರದು. ಮುಂದೆ ಎರಡೂ ಮರಗಳನ್ನು ಒಂದೇ ಎಂದು ಭಾವಿಸಿ ಬಹುಕಾಲ ಸರಾಕ ಇಂಡಿಕ ಎಂದೇ ಬರೆಯಲಾಯಿತು. 1968ರಲ್ಲಿ ಡಿ ವೈಲ್ಡ್ ಎಂಬ ಸಸ್ಯಶಾಸ್ತ್ರಜ್ಞ ಇವನ್ನು ಮತ್ತೆ ಬೇರೆ ಮಾಡಿದ. ಹಳೆಯ ಪುಸ್ತಕಗಳಲ್ಲಿ ಇನ್ನೂ ಇಂಡಿಕ ಎಂದೇ ಕಾಣುವುದು ಈ ಕಾರಣದಿಂದ.

ಹಿಂದಿನವರು ಕಂಡುಕೊಂಡದ್ದು

ಅಶೋಕ ಎಂದರೆ ಶೋಕವಿಲ್ಲದ್ದು. ಹೆಣ್ಣಿಗೂ ಈ ಮರಕ್ಕೂ ನಮ್ಮವರು ಕಟ್ಟಿದ ನಂಟು ಬಹಳ ಹಳೆಯದು. ಸುಂದರಿಯೊಬ್ಬಳು ಪಾದದಿಂದ ಸೋಕಿದರೆ ಅಶೋಕ ಹೂ ಬಿಡುತ್ತದೆಂಬ ಕವಿಸಮಯವಿದೆ. ಕಾಳಿದಾಸನ ‘ಮಾಲವಿಕಾಗ್ನಿಮಿತ್ರ’ದಲ್ಲಿ ರಾಣಿಯ ಕಾಲಿಗೆ ಪೆಟ್ಟಾದ್ದರಿಂದ ಆ ಕೆಲಸ ಮಾಲವಿಕೆಯ ಪಾಲಿಗೆ ಬರುತ್ತದೆ. ಬಂಗಾಳದಲ್ಲಿ ಚೈತ್ರ ಶುದ್ಧ ಷಷ್ಠಿಗೆ ಅಶೋಕ ಷಷ್ಠಿ ಎಂದೇ ಹೆಸರು. ಅಂದು ತಾಯಂದಿರು ಮಕ್ಕಳ ಕ್ಷೇಮಕ್ಕಾಗಿ ವ್ರತ ಹಿಡಿದು ಅಶೋಕದ ಮೊಗ್ಗುಗಳನ್ನು ನುಂಗುವ ಪದ್ಧತಿಯಿದೆ.

ಕಾವ್ಯ, ವ್ರತಗಳಾಚೆಗೆ ವೈದ್ಯದ ದಾರಿಯೇ ಬೇರೆ. ಚರಕಸಂಹಿತೆ ಅಶೋಕವನ್ನು ನೋವು ಶಮನ ಮಾಡುವ ಹತ್ತು ದ್ರವ್ಯಗಳ ಗುಂಪಿನಲ್ಲಿ ಇಡುತ್ತದೆ. ಸುಶ್ರುತ ಇದನ್ನು ಲೋಧ್ರವೇ ಮೊದಲಾದ ಒಗರು ಮರಗಳ ಗಣದಲ್ಲಿ ಸೇರಿಸುತ್ತಾನೆ. ಮುಟ್ಟಿನ ಅತಿಸ್ರಾವಕ್ಕೆ ಆಯುರ್ವೇದದಲ್ಲಿ ‘ಅಸೃಗ್ದರ’ ಅಥವಾ ‘ರಕ್ತಪ್ರದರ’ ಎಂಬ ಹೆಸರು. ವೃಂದನ ‘ಸಿದ್ಧಯೋಗ’ದಲ್ಲಿ, ಆಮೇಲೆ 11ನೆಯ ಶತಮಾನದ ಬಂಗಾಳದ ಚಕ್ರಪಾಣಿದತ್ತನ ಗ್ರಂಥದಲ್ಲಿ ಈ ಕಾಯಿಲೆಗೆ ಅಶೋಕದ ತೊಗಟೆಯನ್ನು ಹಾಲಿನಲ್ಲಿ ಕಾಯಿಸಿ, ಆರಿಸಿ ಕುಡಿಸುವ ಕ್ರಮ ಬರುತ್ತದೆ. ಹಾಲುಕಷಾಯಕ್ಕೆ ವೈದ್ಯರು ಹೇಳುವ ಸಾಮಾನ್ಯ ಅಳತೆ ಒಂದು ಭಾಗ ಮೂಲಿಕೆಗೆ ಎಂಟು ಭಾಗ ಹಾಲು, ಮೂವತ್ತೆರಡು ಭಾಗ ನೀರು. ನೀರೆಲ್ಲ ಇಂಗಿ ಹಾಲಷ್ಟೇ ಉಳಿಯುವವರೆಗೆ ಸಣ್ಣ ಉರಿಯಲ್ಲಿ ಕಾಯಿಸಬೇಕು.

ಇಲ್ಲಿ ಗಮನಿಸಬೇಕಾದ ಸಂಗತಿ ಒಂದಿದೆ. ಮುಟ್ಟಿನ ರಕ್ತಸ್ರಾವ ಎಲ್ಲ ಹೆಂಗಸರಿಗೂ ಆಗುವಂಥದ್ದು, ಹೆಚ್ಚಾದರೆ ಅದು ಅವರವರ ಹಣೆಬರಹ ಎಂದು ಆ ವೈದ್ಯರು ಕೈಚೆಲ್ಲಲಿಲ್ಲ. ಅದು ಕಾಯಿಲೆ ಎಂದು ಗುರುತಿಸಿ ಹೆಸರಿಟ್ಟರು. ಎಲ್ಲ ಅತಿಸ್ರಾವವೂ ಒಂದೇ ಎಂದೂ ಅವರು ತಿಳಿಯಲಿಲ್ಲ. ಚರಕಸಂಹಿತೆ ಪ್ರದರವನ್ನು ವಾತ, ಪಿತ್ತ, ಕಫ, ಸನ್ನಿಪಾತ ಎಂದು ನಾಲ್ಕು ಬಗೆಯಾಗಿ ವಿಂಗಡಿಸುತ್ತದೆ. ಇಂದಿನ ವಿಜ್ಞಾನದ ವಿಂಗಡಣೆ ಬೇರೆಯಾದರೂ ‘ಕಾರಣ ಕೇಳು, ಆಮೇಲೆ ಮದ್ದು ಕೊಡು’ ಎಂಬ ಕ್ರಮ ಅಲ್ಲಿಯೂ ಇತ್ತು.

ಅಂಗಡಿಯಲ್ಲಿ ಸಿಗುವ ಅಶೋಕಾರಿಷ್ಟದ ಪಾಠ ಇರುವುದು ‘ಭೈಷಜ್ಯರತ್ನಾವಳಿ’ ಎಂಬ ಈಚಿನ ಗ್ರಂಥದಲ್ಲಿ. ಅಶೋಕದ ತೊಗಟೆಯ ಕಷಾಯಕ್ಕೆ ಬೆಲ್ಲ, ಧಾತಕಿ ಹೂ, ಜೀರಿಗೆ, ಕೊನ್ನಾರಿ ಗೆಡ್ಡೆ, ಶುಂಠಿ, ಮರದರಿಶಿನ, ನೈದಿಲೆ, ಅಳಲೆ, ತಾರೆ, ನೆಲ್ಲಿ, ಮಾವಿನ ಓಟೆ, ಆಡುಸೋಗೆ, ಗಂಧ ಮುಂತಾದವನ್ನು ಸೇರಿಸಿ ಮುಚ್ಚಿಡುತ್ತಾರೆ. ಬೆಲ್ಲದ ಸಕ್ಕರೆಯನ್ನು ಯೀಸ್ಟ್ ಎಂಬ ಸೂಕ್ಷ್ಮಜೀವಿಗಳು ಆಲ್ಕೊಹಾಲ್ ಆಗಿ ಬದಲಾಯಿಸುತ್ತವೆ. ಹತ್ತನೆಯ ತರಗತಿಯವರು ಓದುವ ಹುದುಗುವಿಕೆಯೇ ಇದು. ಹೀಗೆ ತಾನಾಗಿ ಹುಟ್ಟುವ ಆಲ್ಕೊಹಾಲ್ ಸಾಮಾನ್ಯವಾಗಿ ಶೇ 5ರಿಂದ 10ರಷ್ಟಿರುತ್ತದೆ. ಮದ್ದು ಕೆಡದಂತೆ ಕಾಯುವುದೂ, ತೊಗಟೆಯ ಸಾರವನ್ನು ಎಳೆದುಕೊಳ್ಳುವುದೂ ಅದೇ. ‘ಇದು ಬರೀ ಗಿಡಮೂಲಿಕೆ, ಎಷ್ಟು ಕುಡಿದರೂ ಏನೂ ಆಗದು’ ಎಂದು ಮಕ್ಕಳಿಗೆ ಲೆಕ್ಕವಿಲ್ಲದೆ ಕುಡಿಸುವವರು ಈ ಅಂಕಿಯನ್ನು ನೆನಪಿಡಬೇಕು.

ತೊಗಟೆಯೊಳಗೆ ಏನಿದೆ?

ಅಶೋಕದ ತೊಗಟೆ ಬಾಯಿಗೆ ಒಗರು. ಬಲಿಯದ ಬಾಳೆಕಾಯಿ, ಅಡಕೆ, ಗಟ್ಟಿ ಚಹಾ ಇವೆಲ್ಲಕ್ಕೂ ಒಗರು ಕೊಡುವುದು ಟ್ಯಾನಿನ್ ಎಂಬ ರಾಸಾಯನಿಕಗಳ ಗುಂಪು. ಅಶೋಕದ ತೊಗಟೆಯಲ್ಲಿ ಟ್ಯಾನಿನ್ ಧಾರಾಳವಾಗಿದೆ. ಜೊತೆಗೆ ಕೆಟೆಚಿನ್, ಎಪಿಕೆಟೆಚಿನ್‌ನಂಥ ವಸ್ತುಗಳೂ ಸ್ಟೆರಾಲ್‌ಗಳೂ ಇವೆ. ಟ್ಯಾನಿನ್ ಪ್ರೊಟೀನಿಗೆ ಅಂಟಿಕೊಳ್ಳುತ್ತದೆ. ನಾಲಗೆ ದಪ್ಪವಾದಂತೆ ಅನಿಸುವುದು ಎಂಜಲಿನ ಪ್ರೊಟೀನಿಗೆ ಅದು ಅಂಟುವುದರಿಂದ. ಹಾಲು ಬೆರೆಸಿದ ಚಹಾ ಕಡಿಮೆ ಒಗರಾಗುವುದು ಹಾಲಿನ ಪ್ರೊಟೀನ್ ಟ್ಯಾನಿನ್ನನ್ನು ಹಿಡಿದಿಟ್ಟುಕೊಳ್ಳುವುದರಿಂದ. ತೊಗಟೆಯನ್ನು ಹಾಲಿನಲ್ಲಿ ಕಾಯಿಸಿದಾಗಲೂ ಇದೇ ನಡೆಯುತ್ತದೆ.

ತೊಗಟೆಯ ಸಾರಕ್ಕೆ ಗರ್ಭಕೋಶದ ಸ್ನಾಯುವನ್ನು ಸಂಕುಚಿಸುವ ಗುಣವಿದೆಯೆಂದು ಪ್ರಾಣಿಗಳ ಮೇಲೆ ನಡೆದ ಪ್ರಯೋಗಗಳು ತೋರಿಸಿವೆ. ಇಂಥ ಗುಣವುಳ್ಳ ಒಂದು ವಸ್ತುವನ್ನು ತೊಗಟೆಯಿಂದ ಬೇರ್ಪಡಿಸಿದ ವರದಿಯನ್ನು ಭಾರತದ ಸಂಶೋಧಕರು 1970ರಲ್ಲೇ ಪ್ರಕಟಿಸಿದ್ದರು. ಸ್ನಾಯು ಬಿಗಿದರೆ ಅದರೊಳಗಿನ ರಕ್ತನಾಳಗಳೂ ಬಿಗಿಯುತ್ತವೆ, ಸ್ರಾವ ತಗ್ಗಬಹುದು. ಹಳೆಯ ಬಳಕೆಗೆ ಒಂದು ಆಧಾರ ಇಲ್ಲಿ ಕಾಣುತ್ತದೆ. ಅದೇ ಕಾರಣಕ್ಕೆ ಬಸುರಿಯರು ಇದನ್ನು ತಾವಾಗಿ ಸೇವಿಸುವುದು ಸಲ್ಲದು.

ಆದರೆ ಗಾಜಿನ ಪಾತ್ರೆಯಲ್ಲಿ ಕಂಡದ್ದು, ಇಲಿಯ ದೇಹದಲ್ಲಿ ಕಂಡದ್ದು ಮನುಷ್ಯರಲ್ಲಿಯೂ ಅಷ್ಟೇ ನಡೆಯುತ್ತದೆ ಎನ್ನಲು ಬೇರೆ ಪರೀಕ್ಷೆ ಬೇಕು. ಸಾಕಷ್ಟು ದೊಡ್ಡ ಸಂಖ್ಯೆಯ ಹೆಂಗಸರನ್ನು ಎರಡು ಗುಂಪು ಮಾಡಿ, ಒಂದಕ್ಕೆ ಮದ್ದು, ಇನ್ನೊಂದಕ್ಕೆ ಅದರಂತೆಯೇ ಕಾಣುವ ಬರಿಯ ದ್ರವ ಕೊಟ್ಟು ಹೋಲಿಸಬೇಕು. ಅಶೋಕದ ಮೇಲೆ ಅಂಥ ದೊಡ್ಡ ಪ್ರಯೋಗಗಳು ಬಹಳ ವಿರಳ. ಸಾವಿರ ವರ್ಷದ ಬಳಕೆ ‘ಇಲ್ಲಿ ಹುಡುಕಿ’ ಎಂದು ಬೆರಳು ತೋರುತ್ತದೆ. ಎಷ್ಟು, ಯಾರಿಗೆ, ಎಷ್ಟು ದಿನ ಎಂಬುದನ್ನು ಪರೀಕ್ಷೆಯೇ ಹೇಳಬೇಕು.

ಎಂಬತ್ತು ಮಿಲಿಲೀಟರಿನ ಲೆಕ್ಕ

ಅತಿಸ್ರಾವವನ್ನು ಇಷ್ಟು ಗಂಭೀರವಾಗಿ ಏಕೆ ಕಾಣಬೇಕು? ಉತ್ತರ ಒಂದು ಸರಳ ಲೆಕ್ಕದಲ್ಲಿದೆ. ಒಂದು ಮುಟ್ಟಿನಲ್ಲಿ ಸಾಮಾನ್ಯವಾಗಿ ಹೋಗುವ ರಕ್ತ 30ರಿಂದ 40 ಮಿ.ಲೀ. 80 ಮಿ.ಲೀ. ದಾಟಿದರೆ ಅತಿಸ್ರಾವವೆಂದು ವೈದ್ಯಶಾಸ್ತ್ರ ಬಹುಕಾಲದಿಂದ ಎಣಿಸುತ್ತ ಬಂದಿದೆ.

ಆರೋಗ್ಯವಂತ ಹುಡುಗಿಯ 100 ಮಿ.ಲೀ. ರಕ್ತದಲ್ಲಿ ಕನಿಷ್ಠ 12 ಗ್ರಾಂ ಹಿಮೋಗ್ಲೋಬಿನ್ ಇರಬೇಕು. ಪ್ರತಿ ಗ್ರಾಂ ಹಿಮೋಗ್ಲೋಬಿನ್ನಿನಲ್ಲಿ ಸುಮಾರು 3.4 ಮಿಲಿಗ್ರಾಂ ಕಬ್ಬಿಣವಿದೆ. ಅಂದರೆ 100 ಮಿ.ಲೀ. ರಕ್ತ ಹೋದರೆ ಸುಮಾರು 41 ಮಿಲಿಗ್ರಾಂ, 80 ಮಿ.ಲೀ. ಹೋದರೆ ಸುಮಾರು 33 ಮಿಲಿಗ್ರಾಂ ಕಬ್ಬಿಣ ನಷ್ಟ. ತಿಂಗಳ ಮೂವತ್ತು ದಿನಕ್ಕೆ ಹಂಚಿದರೆ ದಿನಕ್ಕೆ ಒಂದು ಮಿಲಿಗ್ರಾಮಿಗಿಂತ ತುಸು ಹೆಚ್ಚು. ಚರ್ಮ, ಕರುಳುಗಳಿಂದ ಪ್ರತಿದಿನ ಆಗುವ ಸಹಜ ನಷ್ಟ ಇನ್ನೊಂದು ಮಿಲಿಗ್ರಾಂ. ಹೀಗೆ ದಿನಕ್ಕೆ ಎರಡು ಮಿಲಿಗ್ರಾಂ ಕಬ್ಬಿಣ ರಕ್ತಕ್ಕೆ ಸೇರಲೇಬೇಕು. ನಮ್ಮ ಅನ್ನ, ರಾಗಿ, ಬೇಳೆ, ಸೊಪ್ಪಿನ ಊಟದಲ್ಲಿರುವ ಕಬ್ಬಿಣದಲ್ಲಿ ದೇಹ ಹೀರಿಕೊಳ್ಳುವುದು ಹತ್ತರಲ್ಲಿ ಒಂದು ಪಾಲು ಅಥವಾ ಅದಕ್ಕೂ ಕಡಿಮೆ. ಜಮೆಗಿಂತ ಖರ್ಚು ಹೆಚ್ಚಾದ ಮನೆಯಂತೆ, ಕೂಡಿಟ್ಟ ಕಬ್ಬಿಣ ತಿಂಗಳು ತಿಂಗಳಿಗೂ ಕರಗುತ್ತದೆ.

ಆಗ ಬರುವುದೇ ರಕ್ತಹೀನತೆ. ಮೆಟ್ಟಿಲು ಹತ್ತಿದರೆ ಏದುಸಿರು, ತರಗತಿಯಲ್ಲಿ ತೂಕಡಿಕೆ, ತಲೆಸುತ್ತು, ಓದಿದ್ದು ನಿಲ್ಲದಿರುವುದು. ಇಂಥ ಹುಡುಗಿಗೆ ‘ಸೋಮಾರಿ’, ‘ಓದಿನಲ್ಲಿ ಆಸಕ್ತಿಯಿಲ್ಲ’ ಎಂಬ ಬಿರುದು ಸುಲಭವಾಗಿ ಸಿಕ್ಕಿಬಿಡುತ್ತದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ 15ರಿಂದ 49 ವರ್ಷದ ಹೆಂಗಸರಲ್ಲಿ ಶೇ 57ರಷ್ಟು ಮಂದಿಗೆ ರಕ್ತಹೀನತೆ. ಕರ್ನಾಟಕದಲ್ಲಿ ಸುಮಾರು ಶೇ 48. ಇದಕ್ಕೆಲ್ಲ ಮುಟ್ಟಿನ ಅತಿಸ್ರಾವವೊಂದೇ ಕಾರಣವಲ್ಲ. ಊಟದ ಕೊರತೆ, ಕೊಕ್ಕೆಹುಳು, ಮೇಲಿಂದ ಮೇಲೆ ಹೆರಿಗೆ ಎಲ್ಲವೂ ಸೇರಿವೆ. ಆದರೆ ಅತಿಸ್ರಾವವನ್ನು ಬಾಯಿಬಿಟ್ಟು ಹೇಳುವವರು ಕಡಿಮೆ. ಕೇಳುವವರು ಇನ್ನೂ ಕಡಿಮೆ.

ಟ್ಯಾನಿನ್ನಿನ ಇನ್ನೊಂದು ಗುಣವನ್ನು ಇಲ್ಲಿ ಹೇಳಬೇಕು. ಹಿಂದೆ ಅಳಲೆಕಾಯಿಯ ಕಷಾಯಕ್ಕೆ ಅನ್ನಭೇದಿ ಸೇರಿಸಿ ಶಾಯಿ ಮಾಡುತ್ತಿದ್ದರು. ಅನ್ನಭೇದಿ ಎಂದರೆ ಕಬ್ಬಿಣದ ಸಲ್ಫೇಟ್. ಟ್ಯಾನಿನ್ ಕಬ್ಬಿಣವನ್ನು ಹಿಡಿದುಕೊಂಡು ಕಪ್ಪಾಗುತ್ತದೆ. ಶಾಲೆಯ ಪ್ರಯೋಗಾಲಯದಲ್ಲಿ ಚಹಾದ ಡಿಕಾಕ್ಷನ್ನಿಗೆ ಚಿಟಿಕೆ ಕಬ್ಬಿಣದ ಸಲ್ಫೇಟ್ ಹಾಕಿ ನೋಡಿದರೆ ಇದು ಕಣ್ಣಿಗೇ ಕಾಣುತ್ತದೆ. ಹೊಟ್ಟೆಯೊಳಗೂ ಹೀಗೇ ಆಗುವುದರಿಂದ ಕಬ್ಬಿಣದ ಮಾತ್ರೆಯನ್ನು ಚಹಾ, ಕಾಫಿ ಅಥವಾ ಒಗರು ಕಷಾಯದ ಜೊತೆ ನುಂಗಿದರೆ ದೇಹಕ್ಕೆ ಸೇರುವ ಕಬ್ಬಿಣ ಕಡಿಮೆಯಾಗುತ್ತದೆ. ನಿಂಬೆರಸದ ನೀರಿನೊಂದಿಗೆ ನುಂಗಿದರೆ ಅನುಕೂಲ.

ಕಾರಣ ಒಂದಲ್ಲ, ಹಲವು

ಅತಿಸ್ರಾವ ಎಂಬುದು ಜ್ವರವಿದ್ದಂತೆ. ಅದು ಲಕ್ಷಣ, ಒಳಗಿನ ಕಾರಣ ಬೇರೆ ಬೇರೆ. ಸ್ತ್ರೀರೋಗ ಮತ್ತು ಪ್ರಸೂತಿ ತಜ್ಞರ ಅಂತರರಾಷ್ಟ್ರೀಯ ಒಕ್ಕೂಟ 2011ರಲ್ಲಿ ಈ ಕಾರಣಗಳನ್ನು ಒಂಬತ್ತು ಗುಂಪುಗಳಾಗಿ ವಿಂಗಡಿಸಿತು. ಗರ್ಭಕೋಶದ ಗೆಡ್ಡೆಗಳು, ಒಳಪದರದ ದೋಷಗಳು, ಕ್ಯಾನ್ಸರ್, ಅಂಡಾಣು ಸರಿಯಾಗಿ ಬಿಡುಗಡೆಯಾಗದಿರುವುದು, ಕೆಲವು ಔಷಧಿಗಳ ಪರಿಣಾಮ, ರಕ್ತ ಹೆಪ್ಪುಗಟ್ಟದಿರುವ ಕಾಯಿಲೆ ಇವೆಲ್ಲ ಆ ಪಟ್ಟಿಯಲ್ಲಿವೆ.

ಮೈನೆರೆದ ಮೊದಲ ಒಂದೆರಡು ವರ್ಷ ಮುಟ್ಟು ಹಿಂದುಮುಂದಾಗುವುದು ಸಹಜ. ಮಿದುಳು ಮತ್ತು ಅಂಡಾಶಯಗಳ ನಡುವಿನ ಹಾರ್ಮೋನುಗಳ ಹೊಂದಾಣಿಕೆ ಕುದುರಲು ಕಾಲ ಬೇಕು. ಕೆಲವು ತಿಂಗಳು ಅಂಡಾಣು ಬಿಡುಗಡೆಯಾಗದೆ, ಗರ್ಭಕೋಶದ ಒಳಪದರ ದಪ್ಪವಾಗಿ, ಕೊನೆಗೆ ಒಮ್ಮೆಲೇ ಜಾರಿ ಸ್ರಾವ ಹೆಚ್ಚಾಗಬಹುದು. ಇದು ಬಹುಮಟ್ಟಿಗೆ ತಾನಾಗಿ ಸರಿಹೋಗುತ್ತದೆ. ‘ಎಲ್ಲರಿಗೂ ಹೀಗೇ, ಮುಂದೆ ಸರಿಹೋಗುತ್ತದೆ’ ಎಂದು ಅಜ್ಜಿಯರು ಹೇಳುವುದಕ್ಕೆ ಅಷ್ಟರಮಟ್ಟಿಗೆ ಆಧಾರವಿದೆ.

ಆದರೆ ಎಲ್ಲ ಸಲವೂ ಹಾಗಲ್ಲ. 1920ರ ದಶಕದಲ್ಲಿ ಫಿನ್ಲೆಂಡಿನ ವೈದ್ಯ ಎರಿಕ್ ವಾನ್ ವಿಲ್ಲೆಬ್ರಾಂಡ್ ಬಳಿಗೆ ಓಲಂಡ್ ದ್ವೀಪಗಳಿಂದ ಐದು ವರ್ಷದ ಹುಡುಗಿಯೊಬ್ಬಳನ್ನು ಕರೆತಂದರು. ಸಣ್ಣ ಗಾಯವಾದರೂ, ಮೂಗಿನಿಂದ ರಕ್ತ ಬಂದರೂ ಅವಳಿಗೆ ನಿಲ್ಲುತ್ತಿರಲಿಲ್ಲ. ಆ ಮನೆತನದ ಹಲವರಲ್ಲಿ ಇದೇ ತೊಂದರೆಯಿತ್ತು. ರಕ್ತ ಹೆಪ್ಪುಗಟ್ಟುವಲ್ಲಿ ದೋಷವಿರುವ ಹೊಸದೊಂದು ಕಾಯಿಲೆ ಇದೆಂದು ಆತ 1926ರಲ್ಲಿ ವಿವರಿಸಿದ. ಆ ಹುಡುಗಿ ಹದಿಮೂರನೆಯ ವಯಸ್ಸಿನಲ್ಲಿ, ತನ್ನ ನಾಲ್ಕನೆಯ ಮುಟ್ಟಿನ ರಕ್ತಸ್ರಾವದಿಂದ ತೀರಿಕೊಂಡಳು. ಕಾಯಿಲೆಗೆ ಇಂದು ಆ ವೈದ್ಯನ ಹೆಸರೇ ಇದೆ. ಹೆಚ್ಚಿನವರಲ್ಲಿ ಅದು ಇಷ್ಟು ಉಗ್ರವಾಗಿರುವುದಿಲ್ಲ. ಆದರೆ ಅಪರೂಪವೂ ಅಲ್ಲ. ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 2004ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯಲ್ಲಿ, ಅತಿಸ್ರಾವವಿರುವ ಹೆಂಗಸರ ಪೈಕಿ ಸುಮಾರು ಶೇ 13ರಷ್ಟು ಮಂದಿಯಲ್ಲಿ ಈ ಕಾಯಿಲೆ ಕಂಡುಬಂತು. ಮೊದಲ ಮುಟ್ಟಿನಿಂದಲೇ ಅತಿಸ್ರಾವ, ಹಲ್ಲು ಕೀಳಿಸಿದಾಗ ನಿಲ್ಲದ ರಕ್ತ, ಪದೇ ಪದೇ ಮೂಗಿನಿಂದ ರಕ್ತ, ಕಾರಣವಿಲ್ಲದೆ ಮೈಮೇಲೆ ನೀಲಿಗಟ್ಟುವಿಕೆ ಇವುಗಳಿದ್ದರೆ ಸಂದೇಹ ಪಡಬೇಕು. ರಕ್ತಪರೀಕ್ಷೆಯಿಂದ ತಿಳಿಯುತ್ತದೆ, ಚಿಕಿತ್ಸೆಯಿದೆ. ಈ ದೋಷವನ್ನು ಯಾವ ತೊಗಟೆಯೂ ತುಂಬಿಕೊಡಲಾರದು.

ಆಧುನಿಕ ವೈದ್ಯದಲ್ಲಿ ಅತಿಸ್ರಾವಕ್ಕೆ ಬಳಸುವ ಒಂದು ಮುಖ್ಯ ಔಷಧಿ ಟ್ರಾನೆಕ್ಸಾಮಿಕ್ ಆಮ್ಲ. ಇದನ್ನು 1962ರಲ್ಲಿ ಕಂಡುಹಿಡಿದವರು ಜಪಾನಿನ ಉಟಾಕೊ ಒಕಾಮೊಟೊ ಮತ್ತು ಅವರ ಪತಿ ಶೋಸುಕೆ ಒಕಾಮೊಟೊ. ಯುದ್ಧಾನಂತರದ ಬಡತನದ ದಿನಗಳಲ್ಲಿ, ಹೆರಿಗೆಯ ರಕ್ತಸ್ರಾವದಿಂದ ಸಾಯುವ ತಾಯಂದಿರನ್ನು ಉಳಿಸಬೇಕೆಂದು ಹೊರಟ ಈ ದಂಪತಿ ಪ್ರಯೋಗಕ್ಕೆ ತಮ್ಮದೇ ರಕ್ತ ಬಳಸಿದರು. ಹೆಪ್ಪುಗಟ್ಟಿದ ರಕ್ತವನ್ನು ಕರಗಿಸುವ ಒಂದು ವ್ಯವಸ್ಥೆ ನಮ್ಮ ದೇಹದಲ್ಲಿದೆ. ಈ ಔಷಧಿ ಅದನ್ನು ತಡೆಯುತ್ತದೆ. 2017ರಲ್ಲಿ ಪ್ರಕಟವಾದ, 21 ದೇಶಗಳ ಸುಮಾರು 20 ಸಾವಿರ ಬಾಣಂತಿಯರನ್ನು ಒಳಗೊಂಡ ಪರೀಕ್ಷೆಯಲ್ಲಿ ಇದು ರಕ್ತಸ್ರಾವದ ಸಾವನ್ನು ತಗ್ಗಿಸಿದ್ದು ಸಾಬೀತಾಯಿತು. ಉಟಾಕೊ ಅದನ್ನು ನೋಡಲು ಇರಲಿಲ್ಲ; 2016ರಲ್ಲೇ ತೀರಿಕೊಂಡಿದ್ದರು. ಇದೂ ಎಲ್ಲರಿಗೂ ಸಲ್ಲುವ ಮಾತ್ರೆಯಲ್ಲ. ರಕ್ತನಾಳಗಳಲ್ಲಿ ಹೆಪ್ಪುಗಟ್ಟುವ ತೊಂದರೆ ಇದ್ದವರಿಗೆ ಅಪಾಯ. ವೈದ್ಯರ ಚೀಟಿಯಿಲ್ಲದೆ ತೆಗೆದುಕೊಳ್ಳಬಾರದು.

ಅಂಗಡಿಗೆ ಬಂದ ತೊಗಟೆ

ಮರಳಿ ಮರದ ಮಾತಿಗೆ ಬರೋಣ. ಕಾಡಿನಲ್ಲಿ ನಿಂತ ಮರವನ್ನು ಎಲೆ, ಹೂಗಳಿಂದ ಗುರುತಿಸಬಹುದು. ಗ್ರಂಧಿಗೆ ಅಂಗಡಿಯ ಗೋಣಿಚೀಲದಲ್ಲಿ ಒಣಗಿದ ತೊಗಟೆಯ ಚೂರುಗಳಿಗೆ ಎಲೆಯೂ ಇಲ್ಲ, ಹೂವೂ ಇಲ್ಲ. ಬೆಂಗಳೂರಿನ ಸಂಶೋಧಕರೂ ಸೇರಿದ್ದ ಒಂದು ತಂಡ ವ್ಯಾಪಾರದಲ್ಲಿ ಸಿಗುವ ‘ಅಶೋಕದ ತೊಗಟೆ’ಯ ಮಾದರಿಗಳನ್ನು ಸಂಗ್ರಹಿಸಿ ಡಿಎನ್ಎ ಪರೀಕ್ಷೆಗೆ ಒಡ್ಡಿತು. 2016ರಲ್ಲಿ ಪ್ರಕಟವಾದ ಅದರ ಫಲಿತಾಂಶದಲ್ಲಿ ಶೇ 80ಕ್ಕೂ ಹೆಚ್ಚು ಮಾದರಿಗಳು ಬೇರೆ ಮರಗಳವು. ಕಂಬದ ಮರದ ತೊಗಟೆ ಅಶೋಕದ ಹೆಸರಿನಲ್ಲಿ ಸೇರಿಕೊಳ್ಳುವುದು ಮೊದಲಿನಿಂದಲೂ ತಿಳಿದ ಸಂಗತಿ. ಹೆಸರು ಒಂದೇ ಆದ್ದರಿಂದ ಕೆಲವೊಮ್ಮೆ ಮೋಸದ ಉದ್ದೇಶವಿಲ್ಲದೆಯೂ ಹೀಗಾಗುತ್ತದೆ. ಅದರೊಳಗಿನ ರಾಸಾಯನಿಕಗಳು ಬೇರೆ, ಗುಣವೂ ಬೇರೆ. ‘ಅಶೋಕ ಕುಡಿದೆ, ಗುಣವಾಗಲಿಲ್ಲ’ ಎನ್ನುವವರು ಕುಡಿದದ್ದು ಅಶೋಕವೇ ಎಂದು ಹೇಳುವುದು ಕಷ್ಟ.

ಇಷ್ಟು ಕಲಬೆರಕೆ ಏಕೆ? ಬೇಡಿಕೆ ಹೆಚ್ಚು, ಮರ ಕಡಿಮೆ. ಕಷಾಯಕ್ಕೆ ಬೇಕಾದದ್ದು ಎಲೆಯೋ ಹೂವೋ ಆಗಿದ್ದರೆ ಮರ ಮತ್ತೆ ಚಿಗುರುತ್ತಿತ್ತು. ಬೇಕಾದದ್ದು ತೊಗಟೆ. ಎಲೆಯಲ್ಲಿ ತಯಾರಾದ ಆಹಾರವನ್ನು ಬೇರಿಗೆ ಇಳಿಸುವ ಫ್ಲೋಯೆಮ್ ಇರುವುದು ತೊಗಟೆಯ ಒಳಪದರದಲ್ಲೇ. ಕಾಂಡದ ಸುತ್ತ ತೊಗಟೆ ಸುಲಿದರೆ ಬೇರು ಉಪವಾಸ ಬಿದ್ದು ಮರ ಒಣಗುತ್ತದೆ. ಒಂದು ಪಕ್ಕದಲ್ಲಿ ಕಿರಿದಾದ ಪಟ್ಟಿಯಷ್ಟೇ ತೆಗೆದು, ಗಾಯ ಮಾಯಲು ವರ್ಷಗಟ್ಟಲೆ ಬಿಟ್ಟರೆ ಮರ ಉಳಿಯುತ್ತದೆ. ಅಷ್ಟು ತಾಳ್ಮೆ ವ್ಯಾಪಾರಕ್ಕಿಲ್ಲ. ವಿಶ್ವ ಪ್ರಕೃತಿ ಸಂರಕ್ಷಣಾ ಒಕ್ಕೂಟದ ಕೆಂಪು ಪಟ್ಟಿಯಲ್ಲಿ ಅಶೋಕ ಈಗಾಗಲೇ ಅಪಾಯದಂಚಿನ ಮರಗಳ ಸಾಲಿಗೆ ಸೇರಿದೆ.

ಮನೆಯಲ್ಲಿ, ಶಾಲೆಯಲ್ಲಿ

ಪೋಷಕರು ಮಾಡಬಹುದಾದ ಮೊದಲ ಕೆಲಸಕ್ಕೆ ದುಡ್ಡು ಬೇಡ. ಮಗಳು ಮುಟ್ಟಿನ ದಿನಗಳನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳುವ ರೂಢಿ ಮಾಡಿಸಬೇಕು. ಎಷ್ಟು ದಿನ ಇತ್ತು, ದಿನಕ್ಕೆ ಎಷ್ಟು ಸಲ ಬಟ್ಟೆ ಅಥವಾ ಪ್ಯಾಡ್ ಬದಲಾಯಿಸಬೇಕಾಯಿತು ಎಂದು ಬರೆದಿಟ್ಟರೆ ವೈದ್ಯರಿಗೆ ಅರ್ಧ ಕೆಲಸ ಹಗುರ. ತಂದೆಯಂದಿರೂ ಇದನ್ನು ‘ಹೆಂಗಸರ ವಿಷಯ’ ಎಂದು ಬದಿಗಿಡದೆ, ಮಗಳು ಪದೇ ಪದೇ ಸುಸ್ತಾಗುತ್ತಿದ್ದರೆ ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಬೇಕು. ಇದು ಸರ್ಕಾರಿ ಆಸ್ಪತ್ರೆಗಳಲ್ಲೂ ಆಗುವ ಸಣ್ಣ ಪರೀಕ್ಷೆ.

ಶಾಲೆಯಲ್ಲಿ ವಾರಕ್ಕೊಂದು ಕೊಡುವ ನೀಲಿ ಮಾತ್ರೆಯಲ್ಲಿ 60 ಮಿಲಿಗ್ರಾಂ ಕಬ್ಬಿಣ, 500 ಮೈಕ್ರೊಗ್ರಾಂ ಫೋಲಿಕ್ ಆಮ್ಲ ಇರುತ್ತದೆ. ಮಲ ಕಪ್ಪಾಗುತ್ತದೆಂದು ಹೆದರಿ ಮಕ್ಕಳು ಅದನ್ನು ಎಸೆಯುವುದುಂಟು. ಹೀರಿಕೊಳ್ಳದೆ ಉಳಿದ ಕಬ್ಬಿಣದಿಂದ ಆ ಬಣ್ಣ, ಹೆದರಬೇಕಿಲ್ಲ. ಊಟವಾದ ಮೇಲೆ ನುಂಗಿದರೆ ಹೊಟ್ಟೆ ತೊಳಸುವುದೂ ಕಡಿಮೆ.

ಆಯುರ್ವೇದದಲ್ಲಿ ನಂಬಿಕೆಯುಳ್ಳವರು ಓದಿದ, ನೋಂದಾಯಿತ ಆಯುರ್ವೇದ ವೈದ್ಯರನ್ನೇ ಕಾಣಬೇಕು. ಔಷಧಿಯ ಶೀಶೆಯ ಮೇಲೆ ಪದಾರ್ಥಗಳ ಪಟ್ಟಿ, ಪರವಾನಗಿ ಸಂಖ್ಯೆ, ತಯಾರಾದ ದಿನ ನೋಡಿ ಕೊಳ್ಳಬೇಕು. ಬಿಡಿ ತೊಗಟೆಯನ್ನು ಹೆಸರು ನಂಬಿ ತಂದು ಕುದಿಸಬಾರದು. ಬೇರೆ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಎರಡೂ ಕಡೆಯ ವೈದ್ಯರಿಗೆ ತಿಳಿಸಬೇಕು.

ವಿದ್ಯಾರ್ಥಿಗಳಿಗೂ ಒಂದು ಕೆಲಸವಿದೆ. ತಮ್ಮ ಶಾಲೆಯ ‘ಅಶೋಕ’ದ ಎಲೆ ಸರಳವೋ ಸಂಯುಕ್ತವೋ ನೋಡಿ, ಸರಿಯಾದ ಹೆಸರಿನ ಫಲಕ ಬರೆದು ಹಾಕಬಹುದು. ಅರಣ್ಯ ಇಲಾಖೆಯ ಸಸ್ಯಪಾಲನಾ ಕ್ಷೇತ್ರಗಳಲ್ಲಿ ವಿಚಾರಿಸಿ ನಿಜವಾದ ಅಶೋಕದ ಸಸಿಯೊಂದನ್ನು ತಂದು, ನೀರು ನಿಲ್ಲದ, ಆದರೆ ತಂಪಾದ ಅರೆನೆರಳಿನ ಜಾಗದಲ್ಲಿ ನೆಡಬಹುದು. ಬೆಳೆಯುವುದು ನಿಧಾನ. ಇಂದು ನೆಟ್ಟ ಮಕ್ಕಳು ಶಾಲೆ ಬಿಟ್ಟುಹೋದ ಮೇಲೆ ಹೂ ಬಿಟ್ಟೀತು. ಆಗ ಬರುವ ಮಕ್ಕಳಿಗಾದರೂ ಅಶೋಕ ಎಂದರೆ ಯಾವುದು ಎಂಬುದು ಕಣ್ಣಾರೆ ಕಂಡು ತಿಳಿದಿರುತ್ತದೆ.

ವೈದ್ಯರನ್ನು ಕಾಣಬೇಕಾದ ಸೂಚನೆಗಳು

* ಮುಟ್ಟಿನ ಸ್ರಾವ ಏಳು ದಿನ ದಾಟಿದರೆ
* ಒಂದೆರಡು ಗಂಟೆಗೊಮ್ಮೆ ಪ್ಯಾಡ್ ತೊಯ್ದು, ಹೀಗೇ ಹಲವು ಗಂಟೆ ಮುಂದುವರಿದರೆ
* ರಾತ್ರಿ ನಿದ್ದೆಯಿಂದೆದ್ದು ಬದಲಾಯಿಸಬೇಕಾದರೆ
* ಒಂದು ರೂಪಾಯಿ ನಾಣ್ಯಕ್ಕಿಂತ ದೊಡ್ಡ ಹೆಪ್ಪುಗಳು ಹೋದರೆ
* ತಲೆಸುತ್ತು, ಏದುಸಿರು, ಎದೆಬಡಿತ, ಮುಖ ಬಿಳಿಚಿಕೊಳ್ಳುವುದು ಕಂಡರೆ
* ಎರಡು ಮುಟ್ಟಿನ ನಡುವೆ ರಕ್ತ ಕಂಡರೆ
* ಮುಟ್ಟು ನಿಂತು ಒಂದು ವರ್ಷದ ಮೇಲೆ ಮತ್ತೆ ಒಂದು ಹನಿ ರಕ್ತ ಕಂಡರೂ ತಡಮಾಡದೆ